ಎಂಟುನೂರು ರೂಪಾಯಿಯ ಶ್ರದ್ಧಾಂಜಲಿ

ಸಾವಿನ ಮನೆಯವರ ಹತ್ತಿರ ಯಾರೂ ಅಡ್ವಾನ್ಸ್ ಕೇಳುವುದಿಲ್ಲ ಎಂಬ ಸಣ್ಣ ಸಂಗತಿ ಅವತ್ತು ಬೆಳಿಗ್ಗೆ ಏಳೂವರೆಗೆ ಮಾಲತೇಶನ ತಲೆಗೆ ಹೊಳೆಯದೆ ಹೋಗಿದ್ದರೆ ಅವನ ಸಿನಿಮಾ ಇಷ್ಟು ಹೊತ್ತಿಗೆ ಮುಗಿದಿರುತ್ತಿತ್ತು. ಅವನಂತೂ ಹಾಗೆಂದೇ ಹೇಳಿಕೊಂಡು ತಿರುಗುತ್ತಿದ್ದಾನೆ.

ಕುಪ್ಪಗಡ್ಡೆಯಲ್ಲಿ ಬಾಗಿಲು ಮುಚ್ಚಿ ಹತ್ತು ವರ್ಷವಾದ ಒಂದು ಅಕ್ಕಿ ಗಿರಣಿಯಿದೆ. ಅದರ ಅಂಗಳದಲ್ಲಿ ನಿಂತು ಅವನು ಸೊರಬದ ಫ್ಲೆಕ್ಸ್ ಅಂಗಡಿಯ ಲೋಕಪ್ಪನಿಗೆ ಫೋನ್ ಮಾಡಿದ್ದ. ಎಂಟಡಿ ಅಗಲ, ಆರಡಿ ಎತ್ತರದ ಒಂದು ಫ್ಲೆಕ್ಸ್ ತುರ್ತಾಗಿ ಬೇಕಿತ್ತು.

"ಎಂಟುನೂರಾಗ್ತದೆ ಮಾರಾಯ್ರೆ. ದುಡ್ಡು ಮೊದ್ಲು ಹಾಕಿ, ಆಮೇಲೆ ಮಷಿನ್ ಆನ್ ಮಾಡ್ತೇನೆ. ಸಿನಿಮಾದೋರಿಗೆ ನಾನು ಸಾಲ ಕೊಡೋದು ಬಿಟ್ಟಾಗಿದೆ" ಎಂದ ಲೋಕಪ್ಪ.

ಮಾಲತೇಶನ ಖಾತೆಯಲ್ಲಿ ಮುನ್ನೂರ ನಲವತ್ತು ರೂಪಾಯಿ ಇತ್ತು. "ಇದು ಸಿನಿಮಾದ್ದಲ್ಲ ಲೋಕಪ್ಪೋರೆ, ಶ್ರದ್ಧಾಂಜಲಿ ಫ್ಲೆಕ್ಸು" ಎಂಬ ಮಾತು ಅವನ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು.

ಆ ಕಡೆಯ ದನಿ ತಕ್ಷಣ ಮೆತ್ತಗಾಯಿತು. "ಅಯ್ಯೋ ಪಾಪ. ಯಾರು ಹೋಗಿದ್ದು?"

"ಪರಮಶಿವಪ್ಪ ಸಾವ್ಕಾರ್ರು. ಶಿಕಾರಿಪುರದ ಸಿಮೆಂಟಿನೋರು."

"ಮೊನ್ನೆ ಇಲ್ಲೇ ನಿಂತು ಮಾತಾಡ್ಸಿದ್ರಲ್ಲ ಮಾರಾಯ್ರೆ. ಯಾವಾಗ ಆಗಿದ್ದು?"

"ಬೆಳಗಿನ ಜಾವ."

"ದುಡ್ಡಿನ ಮಾತು ಆಮೇಲೆ ಆಯ್ತು. ಸಾವಿನ ಮನೇಲಿ ಅಡ್ವಾನ್ಸ್ ಇಸ್ಕೊಳ್ಳೋ ಅಷ್ಟು ಕೆಟ್ಟಿಲ್ಲ ನಾವು. ಫೋಟೊ ಕಳ್ಸಿ. ಕೆಳಗೆ ದುಃಖತಪ್ತರು ಅಂತ ಯಾರ ಹೆಸ್ರು ಹಾಕ್ಲಿ?"

ಕ್ಯಾಮೆರಾದಲ್ಲಿ ಕೆಳಗಿನ ಸಾಲು ಹೇಗೂ ಕಾಣುವುದಿಲ್ಲ. "ಚಿತ್ರತಂಡ ಅಂತ ಹಾಕಿ" ಎಂದ ಮಾಲತೇಶ. ಫ್ಲೆಕ್ಸ್ ಕಳಿಸಬೇಕಾದ ಜಾಗವನ್ನೂ ಹೇಳಿ ಫೋನ್ ಇಟ್ಟ. ನಾಲ್ಕು ವರ್ಷಗಳಲ್ಲಿ ಮೊದಲ ಸಲ ಯಾರೋ ಅವನ ಮಾತು ನಂಬಿ ಕೆಲಸ ಶುರು ಮಾಡಿದ್ದರು.

ಅವನು ಫೋನಿನಲ್ಲಿ ಕೊಂದುಹಾಕಿದ ಪರಮಶಿವಪ್ಪ ಮಾತ್ರ ಹತ್ತು ಮಾರು ದೂರದಲ್ಲಿ ಕುರ್ಚಿಯ ಮೇಲೆ ಕೂತು, ಮುಖಕ್ಕೆ ಬಿಳಿ ಪೌಡರ್ ಬಳಿಸಿಕೊಳ್ಳುತ್ತ ಎರಡನೇ ಲೋಟ ಚಹಾ ಕುಡಿಯುತ್ತಿದ್ದರು.

ಮಾಲತೇಶನಿಗೆ ಶಿಕಾರಿಪುರ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಫೋಟೊ ಸ್ಟುಡಿಯೋ ಇದೆ. ಹದಿನೆಂಟು ವರ್ಷ ಊರವರ ಮದುವೆಗಳ ವಿಡಿಯೋ ತೆಗೆದು ತೆಗೆದು, ತಾನು ಸಾಯುವುದರೊಳಗೆ ತಾಳಿ ಕಟ್ಟುವ ದೃಶ್ಯವಿಲ್ಲದ ಒಂದು ಸಿನಿಮಾ ಮಾಡಬೇಕೆಂಬ ಹಟ ಅವನಿಗೆ ಹತ್ತಿತ್ತು. ಗಿರಣಿಯೊಂದರ ಕತೆ ಬರೆದ. ಮಾಸೂರು ರಸ್ತೆಯಲ್ಲಿದ್ದ ಸೈಟು ಮಾರಿ ಶುರು ಮಾಡಿದ. ಸೈಟಿನ ದುಡ್ಡು ಅರ್ಧ ಸಿನಿಮಾಕ್ಕೇ ಮುಗಿಯಿತು. ಉಳಿದರ್ಧಕ್ಕೆ ಅವನು ಹತ್ತದ ಮೆಟ್ಟಿಲಿಲ್ಲ. ಬೆಂಗಳೂರಿನ ನಿರ್ಮಾಪಕರೊಬ್ಬರು ಕತೆ ಪೂರ್ತಿ ಕೇಳಿ, ಕಣ್ಣೊರೆಸಿಕೊಂಡು, ಇದರಲ್ಲಿ ಫೈಟ್ ಎಲ್ಲಿ ಬರುತ್ತದೆ ಎಂದರು. ಸೊರಬದ ಗೊಬ್ಬರದ ಅಂಗಡಿಯವರು ಒಂದು ಲಕ್ಷ ಕೊಡಲು ಒಪ್ಪಿದರು, ಆದರೆ ನಾಯಕಿ ಅಳುವಾಗ ತಮ್ಮ ಗೊಬ್ಬರದ ಚೀಲದ ಮೇಲೇ ತಲೆಯಿಟ್ಟು ಅಳಬೇಕು, ಚೀಲದ ಹೆಸರು ಕಾಣಬೇಕು ಎಂದರು. ಫೇಸ್‌ಬುಕ್ಕಿನಲ್ಲಿ ಬೇಡಿಕೊಂಡಾಗ ಒಂಬೈನೂರು ಜನ ಲೈಕ್ ಒತ್ತಿದರು, ನಾಲ್ಕು ಜನ ದುಡ್ಡು ಕಳಿಸಿದರು. ಆ ನಾಲ್ವರಲ್ಲಿ ಒಬ್ಬಳು ಅವನ ಹೆಂಡತಿ ಸುನಿತಾ.

ಕಡೆಗೆ ಸಿಕ್ಕವರು ಪರಮಶಿವಪ್ಪ. ಆರು ಲಕ್ಷ ಕೊಡುತ್ತೇನೆ, ನನಗೊಂದು ಪಾತ್ರ ಕೊಡು ಎಂದರು. "ಬಾಗಿಲು ತೆಗಿ" ಎಂಬ ಒಂದು ಮಾತನ್ನು ಮಾಲತೇಶ ಅವರಿಂದ ಹೇಳಿಸಿ ನೋಡಿದ. ಹದಿನೇಳು ಸಲ ಹೇಳಿಸಿದರೂ ಅದು ಸಿಮೆಂಟಿನ ರೇಟು ಹೇಳಿದಂತೆಯೇ ಕೇಳಿಸಿತು. ಕತೆಯಲ್ಲಿ ಗಿರಣಿಯ ಮಾಲೀಕ ಕೊನೆಯವರೆಗೂ ತೆರೆಯ ಮೇಲೆ ಬರುವುದಿಲ್ಲ, ಬಂದಾಗ ಹೆಣವಾಗಿರುತ್ತಾನೆ. ಆ ಪಾತ್ರ ಸಾಹುಕಾರರಿಗೆ ಹೊಂದಿತು. ಅವರ ಜನರಲ್ಲಿ ಹೆಣವನ್ನು ಮಲಗಿಸುವ ಪದ್ಧತಿಯಿಲ್ಲ. ವಿಭೂತಿ ಬಳಿದು, ಪೇಟ ಸುತ್ತಿ, ಹಾರ ಹಾಕಿ ಕೂರಿಸುತ್ತಾರೆ. ಹಾಗಾಗಿ ನಟನೆಯೆಂದರೆ ಕಣ್ಣು ಮುಚ್ಚಿ ಕೂರುವುದಷ್ಟೇ.

"ಆದ್ರೆ ಹೆಸರು ಮಾತ್ರ ನಂದೇ ಇರಬೇಕು ನೋಡಪ್ಪ. ಆರು ಲಕ್ಷ ಕೊಟ್ಟು ಇನ್ನೊಬ್ಬನ ಹೆಸರಲ್ಲಿ ನಾನ್ಯಾಕೆ ಸಾಯ್ಲಿ?" ಎಂದಿದ್ದರು. ದುಡ್ಡನ್ನು ಮೊದಲೇ ಕೊಡಲೂ ಒಪ್ಪಿರಲಿಲ್ಲ. "ಇಸ್ಕಂಡು ಪಾತ್ರ ಕಿತ್ತಾಕ್ತೀರಿ ನೀವು. ಶಾಟ್ ಮುಗೀತಿದ್ದಂಗೆ ಚೆಕ್ಕು ನಿನ್ನ ಕೈಗೆ." ಚೆಕ್ಕು ಈಗ ಅವರ ಜುಬ್ಬದ ಜೇಬಿನಲ್ಲಿತ್ತು. ತೆಳುವಾದ ಬಟ್ಟೆಯೊಳಗಿಂದ ಅದರ ಅಂಚು ಕಾಣುತ್ತಿತ್ತು, ಮಾಲತೇಶನ ಕಣ್ಣು ಗಳಿಗೆಗೊಮ್ಮೆ ಅಲ್ಲಿಗೇ ಹೋಗುತ್ತಿತ್ತು. ಆ ಚೆಕ್ಕು ಬಂದರೆ ಎಡಿಟಿಂಗು, ಸೌಂಡು, ಎಲ್ಲ ಆಗುತ್ತದೆ. ಬಾರದಿದ್ದರೆ ನಾಲ್ಕು ವರ್ಷದ ಬದುಕು ಒಂದು ಹಾರ್ಡ್ ಡಿಸ್ಕಿನೊಳಗೇ ಕೊಳೆಯುತ್ತದೆ. ಬಾಡಿಗೆ ಕ್ಯಾಮೆರಾ ಸಂಜೆಯೊಳಗೆ ಶಿವಮೊಗ್ಗಕ್ಕೆ ವಾಪಸ್ ಹೋಗಬೇಕಿತ್ತು.

ಫ್ಲೆಕ್ಸ್ ಬರುವ ಮುಂಚೆ ಮಾಡಿದ ರಿಹರ್ಸಲ್ಲಿನಲ್ಲಿ ಹೆಣದ ಜೇಬಿನ ಫೋನ್ ರಿಂಗಾಯಿತು. ಸಾಹುಕಾರರದೇ ಸೊರಬದ ಅಂಗಡಿಗೆ ಸಿಮೆಂಟಿನ ಲೋಡು ಬಂದಿತ್ತಂತೆ. ಮಾಲತೇಶ ಸಾಹುಕಾರರ ಫೋನು, ತನ್ನ ಫೋನು, ಕ್ಯಾಮೆರಾದ ಅರುಣನ ಫೋನು, ಮೂರನ್ನೂ ಸ್ವಿಚ್ ಆಫ್ ಮಾಡಿ ಚೀಲಕ್ಕೆ ಹಾಕಿದ.

"ಮನೆಯೋರಿಗೆ ಹೇಳಿದೀರಲ್ಲ ಸಾವ್ಕಾರ್ರೆ?"

"ಹೆಣ ಆಗಾಕೆ ಹೋಗ್ತೀನಿ ಅಂದ್ರೆ ನೀಲಾಂಬಿಕ ಕಳಿಸ್ತಾಳೇನೋ? ಸೊರಬಕ್ಕೆ ಲೋಡ್ ಇಳಿಸ್ಕಳಾಕೆ ಅಂತ ಬಂದೀನಿ."

"ನಾನು ಕಟ್ ಅನ್ನೋ ತನಕ ಕಣ್ಣು ಬಿಡಬ್ಯಾಡ್ರಿ. ಏನೇ ಆದ್ರೂ."

"ಸಿಡಿಲು ಹೊಡೆದ್ರೂ ಬಿಡಲ್ಲ" ಎಂದು ಸಾಹುಕಾರರು ಕಣ್ಣು ಮುಚ್ಚಿದರು.

ಇತ್ತ ಸೊರಬದಲ್ಲಿ ಲೋಕಪ್ಪ ತನ್ನ ಎಂದಿನ ಕ್ರಮದಂತೆ ಕೆಲಸ ಮುಗಿಸಿದ್ದ. ಸಾವಿನ ಫ್ಲೆಕ್ಸ್ ಎಂದರೆ ಅವನು ಎರಡು ಪ್ರತಿ ಹೊಡೆಯುತ್ತಾನೆ, ಒಂದು ಮನೆಗೆ, ಒಂದು ಸರ್ಕಲ್ಲಿಗೆ. ಮನೆಯವರು ದುಃಖದಲ್ಲಿರುತ್ತಾರೆಂದು ಸರ್ಕಲ್ಲಿನದನ್ನು ತಾನೇ ನಿಂತು ಕಟ್ಟಿಸುತ್ತಾನೆ, ಅದರ ಚಿತ್ರವನ್ನು ಎರಡೂ ತಾಲೂಕಿನ ವಾಟ್ಸಾಪ್ ಗುಂಪುಗಳಿಗೆ ಹಾಕುತ್ತಾನೆ. ಅವನು ಒಳ್ಳೆಯ ಮನುಷ್ಯ. 'ಅಂತಿಮ ದರ್ಶನ: ಕುಪ್ಪಗಡ್ಡೆ ಗಿರಣಿ ಅಂಗಳ' ಎಂಬ ಸಾಲನ್ನು ತಾನಾಗಿ ಸೇರಿಸಿದ್ದ, ಅದಕ್ಕೂ ಎರಡನೇ ಪ್ರತಿಗೂ ದುಡ್ಡು ಹಿಡಿದಿರಲಿಲ್ಲ.

ಗಿರಣಿಗೆ ಬರಬೇಕಾದ ಫ್ಲೆಕ್ಸ್ ಆಟೋದಲ್ಲಿ ಬಂತು. ಹೆಣದ ಹಿಂದಿನ ಗೋಡೆಗೆ ಕಟ್ಟಿದರು. ತಲೆಗೆ ನೂರು ರೂಪಾಯಿ ಮತ್ತು ಒಂದು ಪೊಟ್ಟಣ ಮಂಡಕ್ಕಿಯ ಮಾತಿನ ಮೇಲೆ ಕರೆಸಿದ್ದ ಹನ್ನೆರಡು ಜನ ಸುತ್ತ ಕೂತರು, ಅರುಣ ಕ್ಯಾಮೆರಾ ಶುರು ಮಾಡಿದ. ಸ್ಕ್ರಿಪ್ಟಿನಲ್ಲಿ ಮುನ್ನೂರು ಜನ ಎಂದು ಬರೆದಿತ್ತು. ಆ ಹನ್ನೆರಡು ಜನರನ್ನೇ ಹೇಗೆ ಮುನ್ನೂರು ಮಾಡುವುದೆಂದು ಮಾಲತೇಶ ಒದ್ದಾಡುತ್ತಿದ್ದಾಗ ರಸ್ತೆಯಲ್ಲಿ ಮೊದಲ ಟೆಂಪೋ ನಿಂತಿತು.

ಅದರ ಹಿಂದೆ ಇನ್ನೊಂದು ಬಂತು, ಆಮೇಲೆ ನಾಲ್ಕು ಕಾರು, ಲೆಕ್ಕವಿಲ್ಲದಷ್ಟು ಬೈಕು. ಜನ ಚಪ್ಪಲಿ ಬಿಟ್ಟು, ಕೈಯಲ್ಲಿ ಹಾರ ಹಿಡಿದು, ತಲೆ ತಗ್ಗಿಸಿ ಒಳಗೆ ಬಂದರು. ಯಾರೂ ಕ್ಯಾಮೆರಾದ ಕಡೆ ನೋಡಲಿಲ್ಲ. ದೊಡ್ಡವರ ಸಾವಿಗೆ ವಿಡಿಯೋದವರು ಬರುವುದು ಈಗ ಮಾಮೂಲಿ, ಅದರಲ್ಲೂ ಮಾಲತೇಶನನ್ನು ಕ್ಯಾಮೆರಾದ ಹಿಂದಲ್ಲದೆ ಬೇರೆಲ್ಲೂ ಅವರು ಕಂಡಿರಲಿಲ್ಲ.

ಏನಾಗಿದೆ ಎಂದು ಅವನಿಗೆ ಅರ್ಧ ನಿಮಿಷದಲ್ಲಿ ತಿಳಿಯಿತು. ನಿಲ್ಲಿಸಬೇಕಿತ್ತು. ಕೈ ಎತ್ತಿ, ಇದು ಶೂಟಿಂಗು, ದಯವಿಟ್ಟು ಹೋಗಿ ಎನ್ನಬೇಕಿತ್ತು. ಆದರೆ ಮಾನಿಟರಿನಲ್ಲಿ ಮುನ್ನೂರು ಜನ ನಿಜವಾದ ದುಃಖದಲ್ಲಿ, ನಿಜವಾದ ಬಿಸಿಲಲ್ಲಿ, ಒಂದು ರೂಪಾಯಿ ಖರ್ಚಿಲ್ಲದೆ ನಿಂತಿದ್ದರು. ಸೈಟು ಮಾರಿದ ಮನುಷ್ಯ ಅದನ್ನು ಹೇಗೆ ನಿಲ್ಲಿಸುತ್ತಾನೆ?

"ಸರ್, ಕಟ್ ಮಾಡ್ಲಾ?" ಎಂದು ಅರುಣ ಪಿಸುಗುಟ್ಟಿದ.

"ಮಾಡಿದ್ರೆ ಕೈ ಮುರೀತೀನಿ" ಎಂದ ಮಾಲತೇಶ.

ಜನ ಹೆಣದ ಪಾದ ಮುಟ್ಟಿ ನಮಸ್ಕರಿಸಿ, ಪಕ್ಕಕ್ಕೆ ಸರಿದು, ಫ್ಲೆಕ್ಸಿನ ಕೆಳಗಿನ ಸಾಲನ್ನು ಓದುತ್ತಿದ್ದರು. ಮಗನಿಲ್ಲ, ಮಗಳಿಲ್ಲ, ದುಃಖತಪ್ತರೆಂದು ಚಿತ್ರತಂಡದವರು ಮಾತ್ರ. ಓದಿದವರಿಗೆಲ್ಲ ಸಾವಿನ ಕಾರಣ ಅಲ್ಲೇ ಸಿಕ್ಕಿಬಿಟ್ಟಿತು. ಎದುರಂಗಡಿಯ ಸಿಮೆಂಟ್ ವ್ಯಾಪಾರಿ ಮಲ್ಲಿಕಾರ್ಜುನಪ್ಪ ಹೆಣದ ಕಿವಿಯ ಪಕ್ಕದಲ್ಲೇ ನಿಂತು ನಿಟ್ಟುಸಿರು ಬಿಟ್ಟರು.

"ಸಿನಿಮಾಕ್ಕೆ ದುಡ್ಡು ಹಾಕ್ಯಾನಂತೆ. ಗಟ್ಟಿ ಜೀವ ಕಣ್ರಿ, ಇಪ್ಪತ್ತು ವರ್ಷ ನನ್ನ ಜತೆ ರೇಟಲ್ಲಿ ಗುದ್ದಾಡ್ದ, ಏನೂ ಆಗ್ಲಿಲ್ಲ. ಸಿನಿಮಾ ಒಂದೇ ವರ್ಷದಾಗೆ ತಿಂದಾಕ್ತು."

"ಎಷ್ಟಂತೆ?" ಎಂದರು ಯಾರೋ.

"ಅರವತ್ತು ಲಕ್ಷ ಅಂತಾರೆ."

"ಮನೆಯೂ ಅಡ ಇಟ್ಟಿದ್ರಂತೆ" ಎಂದು ಇನ್ನೊಬ್ಬರು ಸೇರಿಸಿದರು.

ಆಗ ನೀಲಾಂಬಿಕ ಬಂದರು. ಇಬ್ಬರು ಹೆಂಗಸರು ಹಿಡಿದುಕೊಂಡಿದ್ದರು. ಕುರ್ಚಿಯ ಮುಂದೆ ಕುಸಿದು ಗಂಡನ ಮೊಣಕಾಲಿಗೆ ಹಣೆ ಹಚ್ಚಿ ಅವರು ಅತ್ತ ರೀತಿಗೆ ಮಾಲತೇಶನಿಗೆ ನಾಚಿಕೆಯಾಯಿತು. ಆದರೂ ಅವನು ಕಟ್ ಎನ್ನಲಿಲ್ಲ, ಕ್ಲೋಸಪ್ಪಿಗೆ ಹೋಗುವಂತೆ ಅರುಣನಿಗೆ ಸನ್ನೆ ಮಾಡಿದ.

"ಲೋಡ್ ಇಳಿಸ್ಕಳಾಕೆ ಅಂತ ಹೋದೋರು ಹಿಂಗೆ ಕೂತ್ಕಂಡ್ರಲ್ರೀ. ಒಂದ್ಸಲ ಕಣ್ಣು ಬಿಡ್ರೀ. ನೀವು ಕಣ್ಣು ಬಿಟ್ರೆ ಎರಡು ತಾಲೂಕಿಗೂ ದಾಸೋಹ ಮಾಡಿಸ್ತೀನಿ, ಬಂದೋರಿಗೆಲ್ಲ ಹೋಳಿಗೆ ಉಣ್ಣಿಸ್ತೀನಿ. ನನ್ನ ಆಣೆ."

"ಸರ್, ಹೆಣ ಅಳ್ತಿದೆ" ಎಂದ ಅರುಣ.

ನಿಜ. ಮುಚ್ಚಿದ ಕಣ್ಣಿನಿಂದ ಒಂದು ಹನಿ ಪೌಡರ್ ಕೊರೆದುಕೊಂಡು ಇಳಿಯುತ್ತಿತ್ತು. ಅಷ್ಟರಲ್ಲಿ ನಾಲ್ಕು ಜನ ಗಟ್ಟಿಗರು, ಹೊತ್ತಾಯಿತು, ಊರಿಗೆ ಒಯ್ಯೋಣ ಎಂದು ಕುರ್ಚಿಯನ್ನು ಹೆಣದ ಸಮೇತ ಎತ್ತಿ ಟೆಂಪೋದ ಕಡೆ ಹೊರಟರು. ಕುರ್ಚಿ ಫ್ರೇಮಿನಿಂದಾಚೆ ಹೋಯಿತು. ಮಾಲತೇಶ ಗಂಟಲು ಹರಿಯುವಂತೆ "ಕಟ್" ಎಂದ.

ಪರಮಶಿವಪ್ಪ ಕಣ್ಣು ಬಿಟ್ಟರು. "ಸರಿಯಾಗಿ ಬಂತೇನೋ, ಇಲ್ಲ ಇನ್ನೊಂದ್ಸಲ ಕೂತ್ಕಳ್ಲಾ?" ಎಂದು ಕೇಳಿದರು.

ಹೊತ್ತವರು ಕುರ್ಚಿಯನ್ನು ಅಲ್ಲೇ ಬಿಟ್ಟರು. ಅಂಗಳ ಅರ್ಧ ಖಾಲಿಯಾಯಿತು. ಮಲ್ಲಿಕಾರ್ಜುನಪ್ಪ ಆ ವಯಸ್ಸಿನಲ್ಲೂ ಗಿರಣಿಯ ಕಾಂಪೌಂಡು ಹಾರಿದ್ದನ್ನು ನೋಡಿದವರಿದ್ದಾರೆ. ಹಿಂದೆ ಸರಿಯದೆ ಹತ್ತಿರ ಬಂದವರು ನೀಲಾಂಬಿಕ ಒಬ್ಬರೇ. ಅವರು ನೆಲದಲ್ಲಿ ಬಿದ್ದಿದ್ದ ಗಂಡನ ಕೈ ಮುಟ್ಟಿದರು, ಕೆನ್ನೆ ಮುಟ್ಟಿದರು, ಬಿಸಿಯಿದೆ ಎಂದು ಖಚಿತವಾದ ಮೇಲೆ ಅದೇ ಕೆನ್ನೆಗೆ ಒಂದು ಬಾರಿಸಿದರು. ಆಮೇಲೆ ಜನರ ಕಡೆ ತಿರುಗಿದರು.

"ಯಾರೂ ಓಡಬ್ಯಾಡ್ರಿ. ಹರಕೆ ಕೇಳಿಸ್ಕಂಡೋರೆಲ್ಲ ಇಲ್ಲೇ ನಿಂತ್ಕಳ್ರಿ."

"ಅಕ್ಕಾರೆ, ಸಾವ್ಕಾರ್ರು ಸತ್ತೇ ಇರ್ಲಿಲ್ಲ. ಇದು ಶೂಟಿಂಗು" ಎಂದು ಮಾಲತೇಶ ತೊದಲಿದ.

"ನಾನು ಹರಕೆ ಹೊತ್ತಿದ್ದೂ ಶೂಟಿಂಗೇನೋ? ಕಣ್ಣು ಬಿಟ್ರೆ ಅಂದೆ. ಬಿಟ್ಟಾರೆ. ನಿನ್ನ ಕ್ಯಾಮೆರಾದಾಗೂ ಐತಲ್ಲ."

ಐತೆ, ಬಲು ಚೆನ್ನಾಗಿ ಐತೆ ಎಂದು ಮಾಲತೇಶ ಮನಸ್ಸಿನಲ್ಲೇ ಅಂದುಕೊಂಡ. ಹನ್ನೊಂದು ನಿಮಿಷ, ಅವನ ಬದುಕಿನಲ್ಲೇ ತೆಗೆದ ಅತ್ಯುತ್ತಮ ಹನ್ನೊಂದು ನಿಮಿಷ. ಆ ಧೈರ್ಯದ ಮೇಲೆ ಅವನು ಸಾಹುಕಾರರ ಹತ್ತಿರ ಹೋಗಿ ಕೂತ.

"ಶಾಟ್ ಮುಗೀತು ಸಾವ್ಕಾರ್ರೆ. ಚೆಕ್ಕು..."

ಪರಮಶಿವಪ್ಪ ಹಾರ ತೆಗೆದು ಪಕ್ಕಕ್ಕಿಟ್ಟರು. "ನಾನು ಕಣ್ಣು ಮುಚ್ಚಿದ್ದೆ ಕಣೋ, ಕಿವಿ ಮುಚ್ಚಿರಲಿಲ್ಲ. ಮೊದ್ಲು ನೀನು ಕರೆಸಿದ ಜನ ಅಂದ್ಕಂಡೆ, ಏನ್ ಆಕ್ಟಿಂಗ್ ಮಾಡ್ತಾರಪ್ಪ ಅಂತ. ಮಲ್ಲಿಕಾರ್ಜುನನ ಧ್ವನಿ ಕೇಳಿದ ಮ್ಯಾಲೆ ಗೊತ್ತಾತು."

"ಮತ್ತೆ ಕಣ್ಣು ಯಾಕೆ ಬಿಡ್ಲಿಲ್ಲ?"

"ನಲವತ್ತು ವರ್ಷದಾಗೆ ಅವಳು ನನಗೋಸ್ಕರ ಅತ್ತಿದ್ದು ಇದೇ ಮೊದಲು. ಇನ್ನೊಂದೀಟು ಕೇಳಾನ ಅನ್ನಿಸ್ತು." ಸಾಹುಕಾರರು ಜುಬ್ಬದ ಜೇಬಿಗೆ ಕೈ ಹಾಕಿ ಚೆಕ್ಕು ತೆಗೆದರು. ಮಾಲತೇಶನ ಕೈ ತಾನಾಗಿ ಮುಂದೆ ಬಂತು. "ಇಷ್ಟು ಜನ ಬಂದ್ರಲ್ಲ, ಒಬ್ಬನಾದ್ರೂ ಒಳ್ಳೇ ಕೆಲಸಕ್ಕೆ ದುಡ್ಡು ಹಾಕಿದ್ದ ಅಂದ್ನಾ? ಪೈಸೆ ಕೊಡದೇನೇ ಅರವತ್ತು ಲಕ್ಷ ಕಳಕಂಡೀನಿ, ಮನೆ ಅಡ ಇಟ್ಟೀನಿ. ನಿಜವಾಗ್ಲೂ ಕೊಟ್ಟಿದ್ರೆ ನಿಜವಾಗ್ಲೂ ಸಾಯ್ತಿದ್ದೆ."

ಚೆಕ್ಕು ಮಾಲತೇಶನ ಬೆರಳಿನ ಮುಂದಿನಿಂದಲೇ ದಾಟಿ ನೀಲಾಂಬಿಕರ ಕೈ ಸೇರಿತು. ಎರಡು ತಾಲೂಕಿಗೆ ಹೋಳಿಗೆ ಊಟವೆಂದರೆ ಆರು ಲಕ್ಷ ಸಾಲುತ್ತದೋ ಇಲ್ಲವೋ ಎಂದು ಗಂಡ ಹೆಂಡತಿ ಅಲ್ಲೇ ಲೆಕ್ಕ ಹಾಕತೊಡಗಿದರು. ನಂತರ ನೀಲಾಂಬಿಕ ಅರುಣನ ಮುಂದೆ ಕೈ ಚಾಚಿ ಕ್ಯಾಮೆರಾದ ಮೆಮೊರಿ ಕಾರ್ಡನ್ನೂ ಇಸಿದುಕೊಂಡರು.

"ಅಕ್ಕಾರೆ, ಅದು ನನ್ನ ಸಿನಿಮಾ" ಎಂದ ಮಾಲತೇಶ.

"ದೇವ್ರು ಕಣ್ಣು ಬಿಡಿಸಿದ್ದು ಸಿನಿಮಾ ಹೆಂಗಾಗ್ತತೋ? ನನ್ನ ಗೋಳನ್ನ ಟಿಕೀಟು ಇಟ್ಟು ತೋರಿಸ್ತೀಯೇನು? ದಾಸೋಹದ ದಿನ ದೊಡ್ಡ ಪರದೆ ಕಟ್ಟಿ ನಾವೇ ತೋರಿಸ್ತೀವಿ, ಜನ ಉಣ್ತಾ ನೋಡ್ಲಿ. ಅವತ್ತಿನ ವಿಡಿಯೋನೂ ನೀನೇ ಮಾಡು, ಮದುವೆ ರೇಟು ಕೊಡ್ತೀವಿ. ಈಗ ಸೊರಬಕ್ಕೆ ಹೋಗಿ ದಾಸೋಹದ್ದೊಂದು ಫ್ಲೆಕ್ಸ್ ಹೇಳ್ಬಾ."

ಅರುಣ ಕ್ಯಾಮೆರಾ ಕಟ್ಟಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದ. ಹನ್ನೆರಡು ಜನ ಕೂಲಿಗೆಂದು ಗಿರಣಿಯ ಬಾಗಿಲಲ್ಲೇ ಕೂತರು. ಮಾಲತೇಶ ಬೈಕಿನಲ್ಲಿ ಸೊರಬಕ್ಕೆ ಬಂದಾಗ ಸಂಜೆ ಐದಾಗಿತ್ತು. ಸರ್ಕಲ್ಲಿನಲ್ಲಿ ಪರಮಶಿವಪ್ಪನವರ ಶ್ರದ್ಧಾಂಜಲಿ ಗಾಳಿಗೆ ಪಟಪಟ ಎನ್ನುತ್ತಿತ್ತು. ಸುದ್ದಿ ಅವನಿಗಿಂತ ಮೊದಲೇ ಲೋಕಪ್ಪನ ಅಂಗಡಿಗೆ ಬಂದು ಕೂತಿತ್ತು.

ಲೋಕಪ್ಪ ಬೈಯಲಿಲ್ಲ. ಬೆಳಗಿನ ಫೈಲನ್ನೇ ಕಂಪ್ಯೂಟರಿನಲ್ಲಿ ತೆರೆದ. ಸಾಹುಕಾರರ ಫೋಟೊ ಹಾಗೇ ಇರಿಸಿ ಮೇಲಿನ ಶ್ರದ್ಧಾಂಜಲಿ ಅಳಿಸಿ ದಾಸೋಹ ಎಂದು ಹಾಕಿದ. ಕೆಳಗಿನ ಸಾಲಿಗೆ ಬಂದು ನಿಂತ.

"ಚಿತ್ರತಂಡ ಅಂತ ಇದ್ಯಲ್ಲ, ಇದು ತೆಗೀಲಾ?"

ನಾಲ್ಕು ವರ್ಷದಲ್ಲಿ ಆ ಹೆಸರು ಅಷ್ಟು ದೊಡ್ಡದಾಗಿ ಅಚ್ಚಾಗಿದ್ದು ಅದೊಂದೇ ಸಲ. ಮಾಲತೇಶ ಅದನ್ನು ಇನ್ನೊಂದು ಸಲ ಓದಿದ. "ತೆಗೀರಿ" ಎಂದ.

ಲೋಕಪ್ಪ ತೆಗೆದ. "ಎಂಟುನೂರು. ದುಡ್ಡು ಮೊದ್ಲು ಹಾಕಿ, ಇದು ಶುಭಕಾರ್ಯ ಅಲ್ವಾ."

"ಸಾವ್ಕಾರ್ರು ಕೊಡ್ತಾರೆ ಲೋಕಪ್ಪೋರೆ."

"ಅವರು ಫೋನ್ ಮಾಡಿದ್ರು. ಮಾಲತೇಶನ ಹತ್ರ ಇಸ್ಕೊಳ್ಳಿ, ಅವನ ವಿಡಿಯೋ ಬಿಲ್ಲಿನ ಜತೆ ಕೊಡ್ತೇವೆ ಅಂದ್ರು. ಮತ್ತೆ ಬೆಳಿಗ್ಗೆದು ಒಂದು ಎಂಟುನೂರು ಇದೆ."

"ಅದು ಸಾವಿಂದಲ್ವಾ, ಆಮೇಲೆ ಕೊಟ್ರಾಯ್ತು ಅಂದಿದ್ರಿ."

ಲೋಕಪ್ಪ ಮಷಿನ್ನಿನ ಸ್ವಿಚ್ಚಿನ ಮೇಲೆ ಕೈಯಿಟ್ಟು, ಒತ್ತದೆ ಕಾದ.

"ಸತ್ತೋರು ಎದ್ದು ಕೂತ್ಮೇಲೆ ಅದೂ ಶುಭಕಾರ್ಯಾನೇ ಮಾರಾಯ್ರೆ. ಒಟ್ಟು ಸಾವಿರದ ಆರುನೂರು."