ಮಾವನ ಫೀಲ್ಡ್ ಪಾಠ

ಹದಿನಾರು ಜನ ವಾಚಾಳಿಗಳನ್ನು ಆರೇ ತಿಂಗಳಲ್ಲಿ ಮೂಕರನ್ನಾಗಿ ಮಾಡಿ, ಅದನ್ನೇ ವಿದ್ಯಾಭ್ಯಾಸ ಎಂದು ಕರೆದ ಪುಣ್ಯಾತ್ಮರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ! ತಾಯಿಯ ತಮ್ಮನನ್ನೇ ಹೀಗೆ ಆಡಿಕೊಳ್ಳುತ್ತಾಳಲ್ಲ ಎಂದು ನನ್ನನ್ನು ಬೈಯಬೇಡಿ. ಆ ಹದಿನಾರು ಜನರಲ್ಲಿ ನಾನೂ ಒಬ್ಬಳು.

ಎಪ್ಪತ್ತರ ದಶಕದ ಕೊನೆಯ ಮಾತು. ಕಡೂರಿನಲ್ಲಿ ಒಂದು ಹೆಂಚಿನ ಕಟ್ಟಡದಲ್ಲಿ ಯುವಜನ ಸೇವೆಯ ತರಬೇತಿ ನಡೆಯುತ್ತಿತ್ತು. ಆರು ತಿಂಗಳು ಪಾಠ, ಆಮೇಲೆ ಎರಡು ತಿಂಗಳು 'ಫೀಲ್ಡು'. ಫೀಲ್ಡು ಎಂದರೆ ಒಬ್ಬೊಬ್ಬರನ್ನೇ ಒಂದೊಂದು ಹಳ್ಳಿಗೆ ಕಳಿಸುವುದು. ಅಲ್ಲಿಯೇ ಉಳಿದುಕೊಂಡು ಹುಡುಗರು ಯುವಕ ಮಂಡಲ ಕಟ್ಟಬೇಕು, ಹುಡುಗಿಯಾದರೆ ಯುವತಿ ಮಂಡಲ. ಹತ್ತು ಜನ ಸೇರಿ ಒಂದು ಸಭೆಯನ್ನಾದರೂ ನಡೆಸಿದರೆ ಸರ್ಟಿಫಿಕೇಟು, ಇಲ್ಲದಿದ್ದರೆ ಇಲ್ಲ. ನಮ್ಮ ತಂಡದಲ್ಲಿ ಹುಡುಗಿ ಎಂದರೆ ನಾನೊಬ್ಬಳೇ. ಅಪ್ಪ ಒಪ್ಪಿದ್ದೂ ಒಂದು ಕರಾರಿನ ಮೇಲೆ. "ಸರ್ಟಿಫಿಕೇಟ್ ತಂದ್ರೆ ಕೆಲ್ಸಕ್ಕೆ ಹೋಗು, ನಾನು ಅಡ್ಡ ಬರಲ್ಲ. ಬರಿಗೈಲಿ ಬಂದ್ರೆ ಮಾತ್ರ ನಾನು ತೋರ್ಸಿದ ಗಂಡಿಗೆ ತಲೆ ಆಡಿಸ್ಬೇಕು." ಅಪ್ಪ ಆಗಲೇ ಒಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಅವನ ಮೀಸೆಯನ್ನು ನಾನು ದೂರದಿಂದ ನೋಡಿದ್ದೆ. ಹಾಗಾಗಿ ಓದಿನಲ್ಲಿ ನನಗೆ ವಿಪರೀತ ಶ್ರದ್ಧೆ ಹುಟ್ಟಿತ್ತು.

ನಮ್ಮನ್ನು ಫೀಲ್ಡಿಗೆ ತಯಾರು ಮಾಡುವ ಹೊಣೆ ಮಾವನದು. ಮೊದಲ ದಿನ ಕೇಳಿದರು, "ಯಾಕ್ರಪ್ಪಾ ಬಂದಿದ್ದೀರಿ?" ದೇವನೂರು ಕಡೆಯ ಹುಡುಗನೊಬ್ಬ ಎದೆ ಸೆಟೆಸಿ ಎದ್ದು ನಿಂತ. "ಹಳ್ಳಿ ಉದ್ಧಾರ ಮಾಡಕ್ಕೆ ಸಾರ್!"

"ಹಳ್ಳಿಯೋರು ನಿನ್ನ ಕರೆದಿದ್ರಾ?"

"ಇಲ್ಲ ಸಾರ್."

"ಹಂಗಾರೆ ಕೂತ್ಕೋ."

ಅಷ್ಟೇ! ಅದು ಮೊದಲ ದಿನದ ಪಾಠ. ನೋಟ್ ಪುಸ್ತಕ ತೆರೆದು ಪೆನ್ನು ಹಿಡಿದು ಕೂತಿದ್ದ ನಮಗೆ ಬರೆದುಕೊಳ್ಳಲು ಒಂದು ಅಕ್ಷರವೂ ಸಿಗಲಿಲ್ಲ.

ಎರಡನೆಯ ವಾರ 'ಕಟ್ಟೆ ಪಾಠ' ಶುರುವಾಯಿತು. ರೈಲ್ವೆ ಸ್ಟೇಷನ್ ಹತ್ತಿರದ ಅರಳಿಕಟ್ಟೆಯ ಮೇಲೆ ಒಂದು ಗಂಟೆ ಕೂರಬೇಕು. ಅಲ್ಲಿಗೆ ಬಂದವರು ಏನು ಬೇಕಾದರೂ ಮಾತಾಡಲಿ, ಕೇಳಿಸಿಕೊಳ್ಳಬೇಕು. ಒಂದೇ ಒಂದು ಬುದ್ಧಿಮಾತು ಹೇಳಿದರೂ ಸೋತಂತೆ. ಸೋತವರು ಬಾವಿಯಿಂದ ತರಬೇತಿ ಕೇಂದ್ರದ ತೊಟ್ಟಿಗೆ ಹತ್ತು ಕೊಡ ನೀರು ಹೊರಬೇಕು. ಸುಲಭ ಅನ್ನಿಸುತ್ತದೆ, ಅಲ್ಲವೇ? ನೀವೇ ಒಮ್ಮೆ ಪ್ರಯತ್ನಿಸಿ ನೋಡಿ! ಬೀಡಿ ಸೇದುತ್ತ ಕೂತ ಮುದುಕರೊಬ್ಬರು, "ಹೊಗೆ ಬಿದ್ರೆ ಕೆಮ್ಮು ಹೋಯ್ತದೆ ಕಣಪ್ಪಾ" ಎಂದರು. ನಮ್ಮ ದೇವನೂರಿನವನಿಗೆ ತಡೆಯಲಾಗಲಿಲ್ಲ, ಶ್ವಾಸಕೋಶದ ಬಗ್ಗೆ ಭಾಷಣವನ್ನೇ ಬಿಗಿದ. ಹತ್ತು ಕೊಡ. ಮಾರನೆಯ ದಿನ ಎತ್ತಿಗೆ ಹಗ್ಗ ಹೇಗೆ ಕಟ್ಟಬೇಕೆಂದು ಒಬ್ಬ ರೈತರಿಗೇ ಹೇಳಿಕೊಟ್ಟ. ಮತ್ತೆ ಹತ್ತು ಕೊಡ. ಆ ವರ್ಷ ಬೇಸಿಗೆಯಲ್ಲಿ ಇಡೀ ಬೀದಿಯ ತೊಟ್ಟಿಗಳು ಒಣಗಿದರೂ ನಮ್ಮ ಕೇಂದ್ರದ ತೊಟ್ಟಿ ಮಾತ್ರ ತುಂಬಿ ಹರಿಯುತ್ತಿತ್ತು.

ಇದಾದ ಮೇಲೆ 'ಮುದ್ದೆ ಪರೀಕ್ಷೆ'. ಹಳ್ಳಿಯಲ್ಲಿ ಯಾರ ಮನೆಯಲ್ಲಿ ಏನು ಬಡಿಸಿದರೂ ಬೇಡವೆನ್ನಬಾರದು, ಮುದ್ದೆಯನ್ನು ಅಗಿಯಬಾರದು, ಮುಖ ಕಿವುಚಬಾರದು. ಇದಕ್ಕೆ ಪರೀಕ್ಷಾ ಕೇಂದ್ರ ಯಾವುದು ಗೊತ್ತೇ? ನಮ್ಮ ಮನೆ! ಹೇಳದೆ ಕೇಳದೆ ಹದಿನಾರು ಜನರನ್ನು ಕರೆತಂದು ಪಡಸಾಲೆಯಲ್ಲಿ ಕೂರಿಸಿಬಿಟ್ಟರು. ಅಮ್ಮ ಮುದ್ದೆಕೋಲು ಹಿಡಿದುಕೊಂಡೇ ಹೊರಗೆ ಬಂದಳು.

"ಏನೋ ಇದು? ತಿಥಿ ಊಟ ಏನೋ?"

"ಅಕ್ಕಾ, ಇದು ಸಿಲಬಸ್ಸು."

"ನಿನ್ನ ಸಿಲಬಸ್ಸಿಗೆ ಸೌದೆ ಯಾರೋ ಒಡೀತಾರೆ?"

"ಅದೂ ಸಿಲಬಸ್ಸೇ ಕಣಕ್ಕಾ. ಏಳ್ರೋ, ಸೌದೆ ಒಡೀರಿ!"

ಹದಿನೈದು ಹುಡುಗರು ಹಿತ್ತಲಿಗೆ ಓಡಿದರು. ಒಂದು ತಿಂಗಳಿಗಾಗುವಷ್ಟು ಸೌದೆ ಒಂದೇ ಗಂಟೆಯಲ್ಲಿ ಜೋಡಣೆಯಾಯಿತು. ಅಂದಿನಿಂದ ಅಮ್ಮನೇ ತಮ್ಮನನ್ನು ಕರೆದು, "ಮುಂದಿನ ಪರೀಕ್ಷೆ ಯಾವಾಗ ಕಣೋ?" ಎಂದು ವಿಚಾರಿಸತೊಡಗಿದಳು.

ಆದರೆ ಮಾವನ ನಿಜವಾದ ಪ್ರತಾಪ ಕಾಣುತ್ತಿದ್ದದ್ದು ನಾಟಕದಲ್ಲಿ. ತಲೆಗೆ ಟವೆಲ್ ಸುತ್ತಿ, ಪಂಚೆ ಮೇಲಕ್ಕೆ ಕಟ್ಟಿ, ತಾವೇ ಹಳ್ಳಿಯ ಪುಂಡ ಯುವಕನಾಗಿ ನಮ್ಮೆದುರು ನಿಲ್ಲುತ್ತಿದ್ದರು. "ಯಾವನ್ಲೇ ನೀನು? ನಮ್ಮೂರಾಗೆ ನಿಂದೇನ್ಲೇ ಕೆಲ್ಸ?" ಅವರ ಅಬ್ಬರಕ್ಕೆ ಪಕ್ಕದ ಗಲ್ಲಿಯವರು ಒಮ್ಮೆ ಜಗಳ ಬಿಡಿಸಲು ದೊಣ್ಣೆ ಹಿಡಿದು ಬಂದದ್ದೂ ಉಂಟು. ಬೈಗುಳಕ್ಕೆ ನಗುತ್ತ ಉತ್ತರ ಕೊಡುವುದನ್ನು ಎಲ್ಲರೂ ಕಲಿತೆವು. ಕೊನೆಗೆ ಏನಾಯಿತು? ಯಗಟಿಗೆ ಫೀಲ್ಡಿಗೆ ಹೋದ ಹುಡುಗ ಬೈಗುಳಕ್ಕೆ ಸಿದ್ಧನಾಗಿ ಹಲ್ಲು ಕಚ್ಚಿಕೊಂಡು ಬಸ್ಸಿಳಿದರೆ, ಊರಿನ ಹುಡುಗರೆಲ್ಲ ಸೇರಿ ಹಾರ ಹಾಕಿ, "ಬನ್ನಿ ಸಾರ್, ಕಾಯ್ತಿದ್ವಿ" ಎಂದುಬಿಟ್ಟರು! ಹಾರಕ್ಕೆ ಏನು ಉತ್ತರ ಕೊಡಬೇಕೆಂದು ಮಾವ ಕಲಿಸಿರಲೇ ಇಲ್ಲ. ಪಾಪ, ಅವನು ಗಾಬರಿಯಾಗಿ ಅದೇ ಬಸ್ಸು ಹತ್ತಿ ವಾಪಸ್ಸು ಬಂದ. ಮಾರನೆಯ ದಿನ ಮಾವನೇ ಅವನ ಕೈಹಿಡಿದು ಮತ್ತೆ ಬಸ್ಸು ಹತ್ತಿಸಿ ಕಳಿಸಿದರು.

ನನಗೆ ಬಿದ್ದದ್ದು ಅಜ್ಜಂಪುರದಿಂದ ಮೂರು ಮೈಲಿ ಒಳಗಿನ ಒಂದು ಹಳ್ಳಿ. ಹೊನ್ನಮ್ಮಜ್ಜಿ ಎಂಬ ಒಂಟಿ ಮುದುಕಿಯ ಮನೆಯಲ್ಲಿ ವಾಸ. ಹೊರಡುವಾಗ ಮಾವ ಎರಡೇ ಮಾತು ಹೇಳಿದರು. "ಮೊದಲ ಹದಿನೈದು ದಿನ ಯಾರ್ನೂ ಕರೀಬೇಡ, ಅವರ ಕೆಲ್ಸಕ್ಕೆ ಕೈ ಹಾಕು. ಇನ್ನೊಂದು, ನಾನು ಏಳನೇ ವಾರ ತನಿಖೆಗೆ ಬತ್ತೀನಿ. ಅಲ್ಲೀಗಂಟ ನಿನ್ನ ಪಾಡಿಗೆ ನೀನು. ಮೇಷ್ಟ್ರು ಮಧ್ಯೆ ಬಾಯಿ ಹಾಕ್ಬಾರ್ದು, ಅದು ರೂಲ್ಸು." ಹೆದರಿಕೆ ಆಗುತ್ತಿದೆ ಎಂದೆ. "ಹೆದರ್ಕೊಳೋದು ಸಿಲಬಸ್ಸಲ್ಲಿಲ್ಲ" ಎಂದು ಬೆನ್ನು ತಿರುಗಿಸಿ ನಡೆದುಬಿಟ್ಟರು. ಎಂಥ ಕಲ್ಲು ಮನಸ್ಸಿನ ಮನುಷ್ಯ ಎಂದು ನಾನು ದಾರಿಯುದ್ದಕ್ಕೂ ಬೈದುಕೊಂಡೆ.

ಹೇಳಿದಂತೆಯೇ ಮಾಡಿದೆ. ಹುಡುಗಿಯರ ಜೊತೆ ಕಡಲೆಕಾಯಿ ಬಿಡಿಸಿದೆ, ನೀರು ಹೊತ್ತೆ, ಸಗಣಿ ತಟ್ಟಿದೆ. ಹುಡುಗಿಯರು ನನ್ನನ್ನು ಹಚ್ಚಿಕೊಂಡರು. ಆದರೆ ಸಂಜೆ ಶಾಲೆಯಲ್ಲಿ ಎಲ್ಲರೂ ಸೇರೋಣ, ಹೊಲಿಗೆ ಕಲಿಯೋಣ, ಪೇಪರು ಓದೋಣ ಎಂದರೆ ಎಲ್ಲರೂ ನೆಲ ನೋಡುತ್ತಿದ್ದರು. "ಅಪ್ಪ ಬಿಡಲ್ಲಕ್ಕಾ." ಅಪ್ಪಂದಿರನ್ನು ಕೇಳಿದರೆ ಎಲ್ಲರೂ ಪಟೇಲರ ಕಡೆ ಕೈ ತೋರಿಸುತ್ತಿದ್ದರು. ಪಟೇಲರು ಕೆಟ್ಟವರಲ್ಲ. ಕೂರಿಸಿ ಮಜ್ಜಿಗೆ ಕೊಟ್ಟು, ನಿಧಾನವಾಗಿಯೇ ಹೇಳಿದರು: "ನೀನು ಒಳ್ಳೆ ಹುಡುಗೀನೇ ಕಣವ್ವಾ. ಆದ್ರೆ ಹೆಣ್ಮಕ್ಳು ಹೊಸ್ಲು ದಾಟಿದ್ರೆ ನಮ್ಗೆ ಎದೆ ಹೊಡ್ಕಂತೈತೆ. ಏನ್ ಮಾಡಾನ?" ಅವರ ಮಗಳು ಜಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾನು ಮಜ್ಜಿಗೆ ಕುಡಿದು ಎದ್ದು ಬಂದೆ.

ಆರು ವಾರ ಕಳೆದವು. ಮಂಡಲದಲ್ಲಿ ಇದ್ದ ಸದಸ್ಯೆಯರು ಇಬ್ಬರು: ನಾನು ಮತ್ತು ಹೊನ್ನಮ್ಮಜ್ಜಿ. ಅಜ್ಜಿಯನ್ನು ಯುವತಿ ಎಂದು ಬರೆಯಬಹುದೇ ಎಂದು ನಾನು ಗಂಭೀರವಾಗಿಯೇ ಯೋಚಿಸಿದ್ದೆ! ರಾತ್ರಿ ಕಣ್ಣು ಮುಚ್ಚಿದರೆ ಆ ಮೀಸೆಯೇ ಎದುರಿಗೆ ಬರುತ್ತಿತ್ತು.

ಏಳನೆಯ ವಾರ, ಶುಕ್ರವಾರ, ಮಾವ ಬಂದರು. ಇಸ್ತ್ರಿ ಮಾಡಿದ ಕೋಟು, ತಲೆಗೆ ಟೋಪಿ, ಕೈಯಲ್ಲಿ ತನಿಖೆಯ ಪುಸ್ತಕ. ನನ್ನ ಮುಖ ನೋಡಿಯೇ ಎಲ್ಲ ಅರ್ಥವಾಯಿತೇನೋ, ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಪಟೇಲರ ಜಗಲಿಗೆ ಕರೆದೊಯ್ದೆ. ಊರಿನ ನಾಲ್ಕಾರು ಜನ ಅಲ್ಲಿಯೇ ಕೂತಿದ್ದರು. ಪಟೇಲರು ಮಾವನನ್ನು ಕಂಡವರೇ ಗಹಗಹಿಸಿ ನಕ್ಕರು.

"ಓಹೋಹೋ, ಕುರಿ ಯಜಮಾನ್ರು! ಏನು, ಇವತ್ತು ಕೋಟು? ಇವತ್ತಾದ್ರೂ ಒಂದು ಮರಿ ತಗೊಂತೀರೋ ಇಲ್ವೋ?"

ನಾನು ಮಾವನ ಮುಖ ನೋಡಿದೆ. ಮಾವ ಕಂಬದ ಮುಖ ನೋಡಿದರು.

"ಏನವ್ವಾ, ಇವ್ರು ನಿಂಗೆ ಗೊತ್ತಾ?" ಎಂದರು ಪಟೇಲರು. "ಆರು ವಾರದಿಂದ ಶುಕ್ರವಾರ ತಪ್ಪಿಲ್ಲ. ನೀವೆಲ್ಲ ಹೊಲಕ್ಕೆ ಹೋದ ಹೊತ್ತಿಗೆ ಬಸ್ಸಲ್ಲಿ ಬತ್ತಾರೆ. ಕುರಿ ಹಲ್ಲು ನೋಡ್ತಾರೆ, ಬೆನ್ನು ಸವರ್ತಾರೆ, 'ಆ ಟ್ರೈನಿಂಗ್ ಹುಡುಗಿ ಹೆಂಗವ್ಳೆ? ಊಟ ಮಾಡ್ತಾಳಾ? ಬಾಗ್ಲು ಗಟ್ಟಿಯಾಗಿ ಹಾಕ್ಕಂತಾಳಾ?' ಅಂತಾರೆ. ಕುರಿ ಬಿಟ್ಟು ಬರಿಗೈಲಿ ಹೋಗ್ತಾರೆ. ಇದ್ಯಾವ ವ್ಯಾಪಾರ ಅಂತ ನಮ್ಗೂ ಅರ್ಥ ಆಗಿಲ್ಲ!"

"ಇವರು ನಮ್ಮ ಸೋದರಮಾವ" ಎಂದೆ. ಜಗಲಿಯ ನಗು ನಿಂತುಹೋಯಿತು.

ಮಾವ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. "ಕುರಿ ಬೇಕಿರ್ಲಿಲ್ಲ ಕಣಪ್ಪಾ. ನಂಗೆ ಹೆದ್ರಿಕೆ. ಒಬ್ಳನ್ನೇ ಕಳ್ಸಿದ್ದೆ. ಕೂತ್ರೆ ನಿಂತ್ರೆ ಅದೇ ಯೋಚ್ನೆ."

"ಇಷ್ಟೊಂದು ಹೆದ್ರಿಕೆ ಇಟ್ಕಂಡು ಯಾಕ್ ಕಳ್ಸಿದ್ರಿ ಮತ್ತೆ?"

"ನನ್ನ ಹೆದ್ರಿಕೆ ಹೋಗ್ಲಿ ಅಂತ ಅವ್ಳು ಕಾಯ್ತಾ ಕೂತಿದ್ರೆ ಕಡೂರಲ್ಲೇ ಮುದ್ಕಿ ಆಗೋಳು. ನನ್ನ ಹೆದ್ರಿಕೆ ನಂಗಿರ್ಲಿ, ಅವ್ಳು ಹೋಗ್ಬರ್ಲಿ ಅಂತ ಕಳ್ಸ್ದೆ."

ಪಟೇಲರು ಎಲೆ ಅಡಿಕೆ ತಟ್ಟೆಯನ್ನು ಮಾವನ ಮುಂದೆ ಸರಿಸಿದರು. ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದರು, "ಜಯಾ, ನಾಳೆ ಸಂಜೆ ಇಸ್ಕೂಲಿಗೆ ಹೋಗವ್ವಾ. ನಿನ್ ಜೊತೆಯೋರ್ನೂ ಕರ್ಕಂಡ್ ಹೋಗು."

ಮಾರನೆಯ ಸಂಜೆ ಹದಿನಾಲ್ಕು ಹುಡುಗಿಯರು ಬಂದರು. ಹದಿನಾಲ್ಕು! ಅವರ ಅಪ್ಪಂದಿರೂ ಬಂದಿದ್ದರು ಅನ್ನಿ. ಶಾಲೆಯ ಎದುರಿನ ಮರದಡಿ ಸಾಲಾಗಿ ಕೂತು, ಏನೋ ಘನಂದಾರಿ ವ್ಯವಹಾರವಿದೆ ಎಂಬಂತೆ ಮಳೆ ಬೆಳೆ ಮಾತಾಡುತ್ತ, ಎರಡು ನಿಮಿಷಕ್ಕೊಮ್ಮೆ ಕಿಟಕಿಯ ಕಡೆ ಕಣ್ಣು ಹಾಯಿಸುತ್ತಿದ್ದರು. ಅವರ ನಡುವೆ ಮಾವನೂ ಇದ್ದರು. ಸಭೆಗೆಂದೇ ಉಳಿದುಕೊಂಡಿದ್ದರು.

ಸಭೆ ಮುಗಿದ ಮೇಲೆ ಬಸ್ಸಿಗೆ ಕಾಯುತ್ತ ನಿಂತೆವು. ಮಾವ ಪುಸ್ತಕ ತೆರೆದು ಬರೆದರು. ಬಗ್ಗಿ ನೋಡಿದೆ. 'ವಿದ್ಯಾರ್ಥಿನಿ: ಪಾಸು. ಮೇಷ್ಟ್ರು: ಮಧ್ಯೆ ಬಾಯಿ ಹಾಕಿದ್ದಾರೆ, ಫೇಲು.'

"ಮಾವ, ಬರೀ ನನ್ನೂರಿಗೇ ಬರ್ತಿದ್ರಾ?" ಎಂದು ಕೇಳಿದೆ.

"ಸೋಮವಾರ ಯಗಟಿ. ಅಲ್ಲಿ ತೆಂಗಿನಕಾಯಿ ವ್ಯಾಪಾರಿ. ಬುಧವಾರ ದೇವನೂರು. ಅಲ್ಲಿ ಅಕ್ಕನ ಮಗಳಿಗೆ ಗಂಡು ನೋಡಕ್ಕೆ ಬಂದಿದ್ದೀನಿ ಅಂದಿದ್ದೆ. ಮೂರು ಜಾತಕ ಕೊಟ್ಟವ್ರೆ ಕಣೇ! ನಿಮ್ಮಪ್ಪನಿಗೆ ಹೇಳ್ಬ್ಯಾಡ."

"ಉಳಿದ ದಿನ?"

"ತರೀಕೆರೆ ಕಡೆ ಐದು ಜನ ಅವ್ರಲ್ಲೇ, ಅವ್ರನ್ನ ಯಾರು ನೋಡ್ಬೇಕು?"

"ಭಾನುವಾರ?"

"ಭಾನುವಾರ ನಿಮ್ಮವ್ವನ ಹತ್ರ ಹೋಗಿ, ಹುಡುಗಿ ಚೆನ್ನಾಗವ್ಳೆ ಅಂತ ಹೇಳ್ಬೇಕಲ್ಲ. ಅವ್ಳೂ ನಿದ್ದೆ ಮಾಡ್ಬೇಕು."

ನನಗೆ ಅಳು ತಡೆಯಲಾಗಲಿಲ್ಲ. ಈ ಮನುಷ್ಯನನ್ನು ಕಲ್ಲು ಎಂದು ಬೈದುಕೊಂಡಿದ್ದೆನಲ್ಲ ಎಂದು ಬಹಳ ಸಂಕಟವಾಯಿತು. ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, ಆರು ವಾರದ ಪರಿಚಯದ ಸಲಿಗೆಯಿಂದ ಕೇಳಿದ, "ಏನ್ ಯಜಮಾನ್ರೇ, ಹೆಂಗವ್ಳಂತೆ ನಿಮ್ಮ ಹುಡುಗಿ?"

ಮಾವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತರು. ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ಕೈ ತೋರಿಸಿದರು.

"ನೋಡಪ್ಪಾ, ಅಲ್ಲೇ ನಿಂತವ್ಳೆ. ನೀನೇ ನೋಡು."