ಉಸ್ಸ್ ಎಂದ ಕಾರು, ತಪ್ಪಿದ ಭಾಷಣ

ಗಿರಣಿಯ ಹಳೆಯ ಸಂಗಾತಿಗಳು ನನಗೆ ಒಂದು ಭಾಷಣ ಬಾಕಿ ಇಟ್ಟುಕೊಂಡಿದ್ದಾರೆ. ಗೇಟು ಕೆಡವುವ ಮುಂಚೆ ಅದರ ಮುಂದೆ ಕೊನೆಯ ಸಲ ಸೇರೋಣ, ನೀನೇ ಮಾತಾಡು ಎಂದು ಕರೆದವರು ಅವರೇ. ಆ ಭಾಷಣ ಇನ್ನೂ ನನ್ನ ಹೊಟ್ಟೆಯಲ್ಲಿದೆ. ಅಜೀರ್ಣವಾಗಿದೆ. ಕಾರಣ, ಮಗಳ ಟರ್ಬೊ ಕಾರು. (ಕಾರಣ ನೀವೇ ಎನ್ನುತ್ತಾಳೆ ಹೆಂಡತಿ. ಅವಳ ಮಾತು ಆಮೇಲೆ ಬರುತ್ತದೆ, ತಡೆದರೂ ಬರುತ್ತದೆ.)

ಮುಷ್ಕರದ ಕಾಲದಲ್ಲಿ ನನ್ನನ್ನು ಎಲ್ಲರೂ ಕಿವಿಯಣ್ಣ ಎನ್ನುತ್ತಿದ್ದರು. ಗೇಟಿನ ಮುಂದೆ ಚಾಪೆ ಹಾಸಿ ಕೂತವರ ಪೈಕಿ ರಸ್ತೆಯ ಕಡೆ ಕಿವಿ ಇಟ್ಟವನು ನಾನು. ಬಂಡಿ ಮೂಲೆ ತಿರುಗುವ ಮೊದಲೇ ಸಾರುತ್ತಿದ್ದೆ: ಇದು ಪೊಲೀಸ್ ವ್ಯಾನು, ಸೈಲೆನ್ಸರ್ ತೂತಾಗಿದೆ, ಇದು ಮಾಲೀಕನ ಕಾರು, ಅವನ ಹಾಗೆಯೇ ಸದ್ದಿಲ್ಲದೆ ಬರುತ್ತದೆ, ಇದು ಹಾಲಿನ ಲಾರಿ, ಯಾರೂ ಏಳಬೇಡಿ. ಆಗ ಎಂಜಿನ್ನುಗಳಿಗೂ ಒಂದು ಮಾನ ಇತ್ತು. ಕೆಮ್ಮಿದರೆ ಕಾಯಿಲೆ, ಗುಡುಗಿದರೆ ಏರು, ಸುಮ್ಮನಾದರೆ ಪೆಟ್ರೋಲು ಖಾಲಿ. ಒಳಗೊಂದು ಹೊರಗೊಂದು ಇರಲಿಲ್ಲ.

ಮಗಳು ಆ ಸೆಕೆಂಡ್ ಹ್ಯಾಂಡ್ ಕಾರು ತಂದ ದಿನ ನಾನೂ ಹೆಂಡತಿಯೂ ಬಾಗಿಲಲ್ಲಿ ನಿಂತಿದ್ದೆವು. ಶಿಳ್ಳೆ ಹಾಕುತ್ತ ಬಂದ ಕಾರು ಮನೆಯೆದುರು ನಿಧಾನವಾದದ್ದೇ ತಡ, ಉಸ್ಸ್ ಎಂದಿತು; ಹಿಂದಿನಿಂದ ಪಟಪಟ ಸಿಡಿಯಿತು. ಮರುಕ್ಷಣ ನಾವಿಬ್ಬರೂ ಹೂಕುಂಡಗಳ ನಡುವೆ ಬೋರಲು ಬಿದ್ದಿದ್ದೆವು. ಗಿಡಕ್ಕಿಟ್ಟ ನೀರಿನಲ್ಲಿ ಟವೆಲ್ ಅದ್ದಿ ಹೆಂಡತಿ ಅರ್ಧ ತನ್ನ ಮೂಗಿಗೆ, ಅರ್ಧ ನನ್ನ ಮೂಗಿಗೆ ಒತ್ತಿದ್ದಳು. ಮುಷ್ಕರದಲ್ಲಿ ಪೊಲೀಸರ ಅಶ್ರುವಾಯು ಕುಡಿದ ಮೈ, ಶೆಲ್ಲಿನ ಆ ಸದ್ದನ್ನು ಮರೆಯುವುದಿಲ್ಲ. ನಮ್ಮ ಮದುವೆ ಕುದುರಿದ್ದೂ ಹಾಗೇ, ಆ ಗೇಟಿನ ಮುಂದೆ ಒಂದೇ ಒದ್ದೆ ಟವೆಲಿನಲ್ಲಿ ಎರಡು ಮೂಗು ಇಟ್ಟಾಗ. ಸುಳ್ಳೇಕೆ, ಆ ಕೆಸರು ವಾಸನೆಗೆ ನನಗೆ ಒಂದು ಗಳಿಗೆಯ ಮಟ್ಟಿಗೆ ಪ್ರಾಯ ಮರಳಿ ಬಂತು. ಅವಳು ಮೊಣಕೈಯಿಂದ ತಿವಿದಾಗ ಹೋಯಿತು.

ಮಗಳು ನಮ್ಮನ್ನು ಎಬ್ಬಿಸಿ, ಮಣ್ಣು ಕೊಡವಿ, ಪಾಠ ಮಾಡಿದಳು. ಎಂಜಿನ್ನು ಉಗುಳುವ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದಂತೆ. ಅದರಿಂದ ಎಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುತ್ತಾರಂತೆ, ಶಿಳ್ಳೆ ಅದರದು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಬೇಡವಾದ ಗಾಳಿ ಹೊರಬಿದ್ದರೆ ಉಸ್ಸ್. ಸೈಲೆನ್ಸರಿನಲ್ಲಿ ಮಿಕ್ಕ ಪೆಟ್ರೋಲು ಉರಿದರೆ ಪಟಪಟ. ಎಲ್ಲ ಕೇಳಿಕೊಂಡು ನಾನು ಟರ್ಬೊ ಮಹಾಪಂಡಿತನಾದೆ. ಬೀದಿಯವರನ್ನು ನಿಲ್ಲಿಸಿ ನಿಲ್ಲಿಸಿ ಹೇಳಿದೆ: ಉಗುಳಿದ ಹೊಗೆಯನ್ನೂ ಬಿಡದೆ ದುಡಿಸುತ್ತಾರೆ ನೋಡಿ, ಇದನ್ನು ಕಂಡುಹಿಡಿದವನು ಖಂಡಿತ ಗಿರಣಿ ಮಾಲೀಕನೇ.

ಸಭೆಗೆ ಮಗಳೇ ಕಾರಿನಲ್ಲಿ ಕರೆದೊಯ್ದಳು. ನಾನು ಮುಂದಿನ ಸೀಟಿನಲ್ಲಿ ಭಾಷಣವನ್ನು ಬಾಯಲ್ಲೇ ಉರು ಹೊಡೆಯುತ್ತಿದ್ದೆ. ಏರು ಶುರುವಾಯಿತು, ಕಾರು ಉಸ್ಸ್ ಎನ್ನತೊಡಗಿತು. ನಿಲ್ಲಿಸಲೇ ಇಲ್ಲ.

"ಅಪ್ಪಾ, ಉಸ್ಸ್ ಅನ್ನಬೇಕಾದ್ದು ಕಾಲು ತೆಗೆದಾಗ. ಇದು ಒತ್ತಿದಾಗ ಅಂತಿದೆ. ನಿಲ್ಲಿಸಿ ನೋಡ್ಲಾ?"

ನಿಲ್ಲಿಸಿದರೆ ಸಭೆಗೆ ತಡ. ತಡವಾದರೆ ನನ್ನ ಸರದಿಯನ್ನು ಯಾವನಾದರೂ ನುಂಗುತ್ತಾನೆ. ಕಣ್ಣು ಮುಚ್ಚಿ, ಕಿವಿಗೊಟ್ಟು, ತೀರ್ಪು ಕೊಟ್ಟೆ. "ಏರಲ್ವಾ, ಏದುಸಿರು ಬಿಡ್ತಿದೆ. ನಡಿ ಮಗಾ."

ಹಿಂದೆ ತಿರುಗಿದರೆ ಹೆಂಡತಿ ಬಾಟಲಿಯ ನೀರಿನಲ್ಲಿ ಕರವಸ್ತ್ರ ನೆನೆಸುತ್ತಿದ್ದಳು. ನನಗೆ ನಗು ಬಂತು.

ಏರಿನ ತುದಿಯಲ್ಲಿ ಢಬ್ ಎಂದಿತು. ಮೊದಲೇ ಸಡಿಲವಾಗಿದ್ದ ಗಾಳಿಯ ಪೈಪು ಕಳಚಿ ಬಿದ್ದಿತ್ತು. ಎಂಜಿನ್ನು ಕರಿ ಹೊಗೆ ಕಕ್ಕಿ ಮಲಗಿತು. ಜೀವಮಾನವಿಡೀ ಕಾರುಗಳಿಗೆ ಅಡ್ಡ ಮಲಗಿದವನು ಆ ದಿನ ಕಾರೊಂದಕ್ಕೆ ಹಿಂದಿನಿಂದ ಹೆಗಲು ಕೊಟ್ಟೆ. ಮಗಳು ಸ್ಟೀರಿಂಗ್ ಹಿಡಿದಳು. ಹೆಂಡತಿಗೆ ಮಂಡಿನೋವು, ತಳ್ಳುವಂತಿಲ್ಲ. ಅಷ್ಟರಲ್ಲಿ ಗಿರಣಿ ಕಡೆಯ ಬಸ್ಸು ಬಂದು ನಿಂತಿತು. ಹತ್ತಲು ನಾನು ಒಂದು ಕಾಲು ಎತ್ತಿದೆ.

"ನೀವು ಇಲ್ಲೇ ಇರಿ," ಎಂದಳು ಹೆಂಡತಿ, ಬಸ್ಸು ಹತ್ತುತ್ತ. "ಇನ್ನೇನಾದ್ರೂ ಸದ್ದು ಬಂದ್ರೆ ಅರ್ಥ ಹೇಳೋಕೆ ಒಬ್ರು ಬೇಕಲ್ಲ."

ಕೆಟ್ಟ ಕಾರು ಎಳೆಯುವ ಲಾರಿಯಲ್ಲಿ ಕೂತು ನಾನೂ ಮಗಳೂ ಗೇಟು ಮುಟ್ಟಿದಾಗ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಮುದುಕರೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದರು. ಗೇಟಿನ ದುಃಖ ಎಂದುಕೊಂಡೆ. ಅಲ್ಲ, ನಕ್ಕು ನಕ್ಕು. ನನ್ನ ಬದಲು ಹೆಂಡತಿ ಮಾತಾಡಿದ್ದಳು. ಇಂಥ ಭಾಷಣ ಈ ಗೇಟು ಕೇಳಿರಲಿಲ್ಲ ಎಂದು ಸಂಘದ ಹಳೆಯ ಕಾರ್ಯದರ್ಶಿ ನನ್ನ ಬೆನ್ನು ಚಪ್ಪರಿಸಿ, ಅವಳ ದನಿಯಲ್ಲೇ ಒಂದು ತುಣುಕು ಆಡಿ ತೋರಿಸಿದ:

"ಮೊದಲ ಶೆಲ್ ಬಿದ್ದು ಉಸ್ಸ್ ಅಂದಾಗ ನಮ್ಮ ಕಿವಿಯಣ್ಣ ಏನಂದ್ರು? ಯಾರದೋ ಸೈಕಲ್ ಪಂಕ್ಚರು, ಎಲ್ಲ ಕೂತ್ಕೊಳ್ಳಿ ಅಂದ್ರು. ಕೂತ್ವಿ. ಆಮೇಲೆ ಒಂದು ವಾರ ಅತ್ವಿ."

ಹೆಂಡತಿ ಆಚೆ ನಿಂತು, ತುಕ್ಕು ಹಿಡಿದ ಗೇಟಿನ ಮೇಲೆ ಅಂಗೈ ಒತ್ತಿ, ಏನೂ ಗೊತ್ತಿಲ್ಲದವಳ ಹಾಗೆ ಆಕಾಶ ನೋಡುತ್ತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ಕೈ ಇಟ್ಟೆ. ಕಬ್ಬಿಣ ಬಿಸಿಲಿಗೆ ಕಾದಿತ್ತು.

ಓದುಗರೇ, ಇದಕ್ಕೆ ಉತ್ತರ ಕೊಡುವ ಹಕ್ಕು ನನಗಿದೆ. (ಆ ದಿನ ಅಲ್ಲಿ ಒಂದು ಸೈಕಲ್ಲೂ ಇತ್ತು.) ನಿಮ್ಮ ಬೀದಿಯಲ್ಲಿ ನಾಲ್ಕು ಕುರ್ಚಿ ಹಾಕಿ, ಮೈಕು ಕಟ್ಟಿ, ನನ್ನನ್ನು ಕರೆಯಿರಿ. ನಡೆದಾದರೂ ಬರುತ್ತೇನೆ. ನನ್ನ ಹೆಂಡತಿಗೆ ಮಾತ್ರ ಹೇಳಕೂಡದು.