ಸರಕಾರಿ ಎತ್ತರ

ಎಪ್ಪತ್ತೆರಡರ ಬರದಲ್ಲಿ ಉದಗೀರ ಸೀಮೆಗೆ ಮಳೆ ಬರಲಿಲ್ಲ. ಒಂದು ಕಚೇರಿ ಬಂತು. ಪಾರಂಪರಿಕ ಕಸರತ್ತು ಕಲಾವಿದರ ಉದ್ಯೋಗೋನ್ನತಿ ಕಾರ್ಯಾಲಯ ಎಂದು ಅದರ ಹೆಸರು. ಮೂಲನಿವಾಸಿ ಕಲಾವಿದರನ್ನು ಬೀದಿಯಿಂದ ಮೇಲೆತ್ತುವುದು ಅದರ ಘನ ಉದ್ದೇಶ. ನಾಲ್ಕು ಕುರ್ಚಿ, ಎರಡು ಕಪಾಟು, ಒಂದು ಹಗ್ಗ ಮಂಜೂರಾಗಿದ್ದವು.

ಮೊದಲ ಅರ್ಜಿ ಡೊಂಬರ ಬಂಡಮ್ಮನದು. ಗಂಡ ಮಹಾದೇವಪ್ಪ ಕೆಳಗೆ ಡೋಲು ಬಾರಿಸಿದರೆ ಆಕೆ ತಲೆಯ ಮೇಲೆ ಮೂರು ಕೊಡ ಹೊತ್ತು ಹಗ್ಗದ ಮೇಲೆ ನಡೆಯುತ್ತಿದ್ದಳು. ಆ ವರ್ಷ ಊರಿಗೆ ಊರೇ ಬರಗಾಲದ ಕಾಮಗಾರಿಗೆ ಹೋಗಿ, ಆಟ ನೋಡಲು ನಾಯಿಗಳಷ್ಟೇ ಉಳಿದಿದ್ದವು. ತಿಂಗಳಿಗೊಂದು ಚೀಲ ಜೋಳದ ಈ ನೌಕರಿ ಸಿಗದಿದ್ದರೆ ಬಂಡಮ್ಮನೂ ಹಗ್ಗ ಬಿಚ್ಚಿಟ್ಟು ಜಲ್ಲಿ ಒಡೆಯಬೇಕಿತ್ತು. ಆ ಮಾತು ನೆನೆದರೇ ಆಕೆಗೆ ಅಳು ಬರುತ್ತಿತ್ತು.

ಗುಮಾಸ್ತ ಬಕ್ಕಪ್ಪ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಎಷ್ಟು ಎತ್ತರ ನಡೀತಿ?"

"ಹನ್ನೆರಡು ಅಡಿ ರೀ. ಏಳು ವರ್ಷದಾಕಿ ಇದ್ದಾಗಿಂದ ನಡೀಲಾಕತ್ತೀನಿ."

"ಅದು ಖಾಸಗಿ ಎತ್ತರ ಆಗ್ತದವ್ವಾ. ಸರಕಾರಿ ಎತ್ತರ ಬ್ಯಾರೆ."

ಬಕ್ಕಪ್ಪ ನಿಯಮ ಓದಿ ಹೇಳಿದ. ಹೊಸ ನೌಕರರ ಹಗ್ಗ ನೆಲದ ಮೇಲೆ ಮಲಗಿರತಕ್ಕದ್ದು. ಐದು ವರ್ಷ ಕಳಂಕರಹಿತ ಸೇವೆ ಸಲ್ಲಿಸಿದಲ್ಲಿ ಅರ್ಧ ಅಡಿ ಬಡ್ತಿ. ಬಂಡಮ್ಮನಿಗೆ ಆಗ ಮೂವತ್ತು. ಐವತ್ತೆಂಟಕ್ಕೆ ನಿವೃತ್ತಿಯಾಗುವ ಹೊತ್ತಿಗೆ ಎರಡೂವರೆ ಅಡಿ ಏರಿರುತ್ತಾಳೆ.

"ಮತ್ತ ಹನ್ನೆರಡು ಅಡಿ ಯಾರಿಗ್ರೀ?"

"ಅದು ಡೈರೆಕ್ಟರ್ ಸಾಹೇಬರ ಎತ್ತರ. ಅವರೂ ಇನ್ನಾ ಏರಿಲ್ಲ."

ಪರೀಕ್ಷೆಯ ದಿನ ಹಿರಿಯ ಅಧಿಕಾರಿ ದಿಗಂಬರ ಸಾಹೇಬರ ಎದುರಿಗೆ ಅಂಗಳದಲ್ಲಿ ಹಗ್ಗ ಹಾಸಿದರು. ಡೋಲು ಶುರುವಾಯಿತು. ಕಾಲ ಕಡೆ ನೋಡಿದವಳು ಬೀಳುತ್ತಾಳೆ ಎಂದು ಡೊಂಬರಲ್ಲಿ ಮೊದಲ ದಿನವೇ ಕಲಿಸುತ್ತಾರೆ. ಬಂಡಮ್ಮ ಕಲಿತಂತೆ ದೂರಕ್ಕೆ ದೃಷ್ಟಿ ನೆಟ್ಟು ನಡೆದಳು. ಬಿಗಿಯಿಲ್ಲದ ಹಗ್ಗ ನಾಲ್ಕನೇ ಹೆಜ್ಜೆಗೆ ಹೆಬ್ಬೆರಳಿಗೆ ಸುತ್ತಿತು. ಇಪ್ಪತ್ಮೂರು ವರ್ಷ ಬೀಳದವಳು ಕೊಡಗಳ ಸಮೇತ ದಬಕ್ಕನೆ ಬಿದ್ದಳು. ಮೊಣಕಾಲಿಗಿಂತ ಮಾನಕ್ಕೇ ಹೆಚ್ಚು ಪೆಟ್ಟಾಗಿತ್ತು.

"ಸಾಹೇಬ್ರ, ಹಗ್ಗ ಬಿಗೀರಿ, ಮ್ಯಾಲ ಕಟ್ಟರಿ, ನೋಡ್ರಿ ಬೇಕಾದ್ರ!" ಎಂದು ಅಂಗಲಾಚಿದಳು.

"ನೆಲದ ಮ್ಯಾಲಿಂದೇ ಬಿದ್ದಾಕಿಗಿ ಇನ್ನಾ ಮ್ಯಾಲ ಏರಸ್ಲೇನು?" ಎಂದರು ಸಾಹೇಬರು.

ಬಿದ್ದದ್ದರ ವಿಚಾರಣೆಗೆ ಚೌಕಶಿ ಸಮಿತಿ ಕೂತಿತು. ಹಗ್ಗದ ದಪ್ಪ ಮುಕ್ಕಾಲು ಇಂಚು ಇರುವುದರಿಂದ ಸದರಿ ಕಲಾವಿದೆ ಮುಕ್ಕಾಲು ಇಂಚು ಎತ್ತರದಿಂದ ಬಿದ್ದಿದ್ದಾಳೆಂದೂ, ಅಪಘಾತಕ್ಕೆ ಎತ್ತರವೇ ಕಾರಣವೆಂದೂ ವರದಿ ಬಂತು. ಕೂಡಲೇ ಆದೇಶ ಹೊರಟಿತು: "ಕಲಾವಿದರ ಸುರಕ್ಷತೆಯ ಹಿತದೃಷ್ಟಿಯಿಂದ ಹಗ್ಗವನ್ನು ಅರ್ಧ ಅಡಿ ಆಳದಲ್ಲಿ ಹೂಳತಕ್ಕದ್ದು."

ಬರಗಾಲದ ಕಾಮಗಾರಿಯ ಅರವತ್ತು ಜನ ಹನ್ನೊಂದು ದಿನ ಅಗೆದರು. ಹಗ್ಗ ಮಣ್ಣು ಸೇರಿತು, ಅದರ ಮೇಲೆ ಬೀಳದೆ ನಡೆದು ತೋರಿಸಿದ ಬಂಡಮ್ಮನ ನೌಕರಿ ಕಾಯಂ ಆಯಿತು. ಐದು ವರ್ಷ ಬೀಳದೆ ನಡೆದರೆ ಮೊದಲ ಬಡ್ತಿಯಲ್ಲಿ ನೆಲದ ಮಟ್ಟಕ್ಕೆ ಬರುತ್ತೀ ಎಂದು ಬಕ್ಕಪ್ಪ ಕೈಮುಗಿದು ಅಭಿನಂದಿಸಿದ.

ಅಂದಿನಿಂದ ವಾರಕ್ಕೊಮ್ಮೆ ಆಟ. ವಲಾಂಡಿಯಿಂದ, ನಿಲಂಗಾದಿಂದ ಜನ ಲಾರಿ ಹತ್ತಿ ಬಂದರು. ಬಂಡಮ್ಮ ಬಿದಿರು ಹಿಡಿದು ಬರೀ ನೆಲದ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಿದ್ದರೆ ಜನ ಉಸಿರು ಬಿಗಿಹಿಡಿಯುತ್ತಿದ್ದರು. ಮುದುಕಿಯರು "ಸಂಭಾಳ್ಸಿ ಯವ್ವಾ!" ಎಂದು ಕೂಗಿ ಕಣ್ಣು ಮುಚ್ಚುತ್ತಿದ್ದರು. ಮೊದಮೊದಲು ಬಂಡಮ್ಮನಿಗೆ ನಾಚಿಕೆಯಾಗುತ್ತಿತ್ತು. ಮನೆಗೆ ಜೋಳ ಬಂದ ಮೇಲೆ ಕಡಿಮೆಯಾಯಿತು. ಮೂರನೆಯ ತಿಂಗಳಿಗೆ ಆಕೆಗೂ ನಡೆಯುವಾಗ ಕೈ ಬೆವರತೊಡಗಿತು.

ಒಂದು ಸಂತೆಯ ದಿನ ಔರಾದ ಶಹಾಜನಿಯಲ್ಲಿ ಬೇರೆ ಮೇಳದ ದ್ರೌಪದಿಯೆಂಬಾಕೆ ಹನ್ನೆರಡು ಅಡಿ ಎತ್ತರದಲ್ಲಿ, ತಲೆಯ ಮೇಲೆ ನಾಲ್ಕು ಕೊಡ ಹೊತ್ತು, ನಗುತ್ತ ನಡೆಯುತ್ತಿದ್ದಳು. ಕೆಳಗೆ ನೋಡುವವರು ಯಾರೂ ಇರಲಿಲ್ಲ. ಸಂತೆಗೆ ಬಂದಿದ್ದ ಬಂಡಮ್ಮ ತಲೆಯೆತ್ತಿ ನೋಡಿದಳು.

"ಇಳಿಯವ್ವಾ ಕೆಳಗ! ಸರ್ವಿಸ್ ಇಲ್ದ ಅಷ್ಟು ಮ್ಯಾಲ ಹೋಗಬಾರದು!" ಎಂದು ನಿಜವಾದ ಕಾಳಜಿಯಿಂದ ಕೂಗಿದಳು.

ದ್ರೌಪದಿ ಹಗ್ಗದ ನಡುವೆ ನಿಂತು, ಬರಕ್ಕೆ ಖಾಲಿಯಾದ ಸಂತೆಯನ್ನೂ ಬಂಡಮ್ಮನ ಹೊಸ ಸೀರೆಯನ್ನೂ ನೋಡಿದಳು. ಸರಸರ ಇಳಿದು ಬಂದು ಕೇಳಿದಳು:

"ಹಗ್ಗ ಹೂಳ್ಸೋ ಅರ್ಜಿ ಎಲ್ಲಿ ಸಿಗ್ತದ ಅಕ್ಕಾ?"